ಅಳತೆ–ಅನುಪಾತ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 30×40 ಸೈಟಿನಲ್ಲಿ ಕಟ್ಟಲಿರುವ ನಮ್ಮ ಮನೆಯ ಮಾದರಿಯನ್ನು 1:50ರಲ್ಲಿ ಮಾಡುತ್ತಿದ್ದೇನೆ. ಪ್ರತಿ ಅಳತೆಯನ್ನೂ ಮಿಲಿಮೀಟರಿಗೆ ತಂದು 50ರಿಂದ ಭಾಗಿಸಿಯೇ ಸನ್‌ಬೋರ್ಡ್ ಕತ್ತರಿಸಿದ್ದು. ಆದರೂ ಮೂಲೆಗಳು ಕೂಡುತ್ತಿಲ್ಲ. ಕೆಲವು ಕಡೆ ನಾಲ್ಕೈದು ಮಿ.ಮೀ. ವ್ಯತ್ಯಾಸ ಬರುತ್ತಿದೆ. (ತುಮಕೂರು)

ಉತ್ತರ: ಮೊದಲು ಅನುಮಾನಿಸಬೇಕಾದ್ದು ಅಡಿ ಮತ್ತು ಇಂಚಿನ ನಡುವಿನ ಚುಕ್ಕೆಯನ್ನು. ಪ್ಲ್ಯಾನಿನಲ್ಲಿ 10 ಅಡಿ 10 ಇಂಚು ಇರುವುದನ್ನು ನಮ್ಮಲ್ಲಿ ಬಹಳ ಮಂದಿ 10.10 ಎಂದು ಬರೆದುಕೊಳ್ಳುತ್ತಾರೆ. ಕ್ಯಾಲ್ಕುಲೇಟರಿಗೆ ಅದು 10.1 ಅಡಿ. ಸರಿಯಾದ ಲೆಕ್ಕದಲ್ಲಿ ಆ ಗೋಡೆ 130 ಇಂಚು, ಅಂದರೆ 3302 ಮಿ.ಮೀ.; 1:50ರಲ್ಲಿ 66 ಮಿ.ಮೀ. ನೀವು 10.1 ಒತ್ತಿದ್ದರೆ 61.6 ಬರುತ್ತದೆ. ಹೆಚ್ಚುಕಡಿಮೆ ನೀವು ಹೇಳುವಷ್ಟೇ ವ್ಯತ್ಯಾಸ. ಹಾಗಾಗಿ ಅಡಿಯನ್ನು 12ರಿಂದ ಗುಣಿಸಿ, ಇಂಚು ಕೂಡಿಸಿ, 25.4ರಿಂದ ಗುಣಿಸಿ, ಕೊನೆಗೆ 50ರಿಂದ ಭಾಗಿಸಿ. ನಡುವೆ ಎಲ್ಲೂ ದಶಮಾಂಶ ಕತ್ತರಿಸಬೇಡಿ.

ಇನ್ನೊಂದು ತಪ್ಪು ಗೋಡೆಯ ದಪ್ಪದ್ದು. ಪ್ಲ್ಯಾನಿನಲ್ಲಿ ಕೋಣೆಗಳಿಗೆ ಬರೆದಿರುವುದು ಸಾಮಾನ್ಯವಾಗಿ ಒಳ ಅಳತೆ. ಎರಡು ಕೋಣೆ ಅಕ್ಕಪಕ್ಕ ಇದ್ದರೆ ಅವುಗಳ ಜೊತೆಗೆ ಮೂರು ಗೋಡೆಗಳ ದಪ್ಪವೂ ಸೇರಿದಾಗಲೇ ಹೊರಗಿನ ಅಳತೆ ಸಿಗುವುದು. 9 ಇಂಚಿನ ಗೋಡೆಗೆ ಎರಡೂ ಕಡೆ 12 ಮಿ.ಮೀ. ಪ್ಲಾಸ್ಟರ್ ಸೇರಿದರೆ ಸುಮಾರು 253 ಮಿ.ಮೀ., ಮಾದರಿಯಲ್ಲಿ 5 ಮಿ.ಮೀ. ನಾಲ್ಕೂವರೆ ಇಂಚಿನ ಗೋಡೆ ಹೀಗೆಯೇ 2.8ಕ್ಕೆ ಬರುತ್ತದೆ. ಅಂಗಡಿಯಲ್ಲಿ ಸಿಗುವ 5 ಮತ್ತು 3 ಮಿ.ಮೀ. ಬೋರ್ಡುಗಳೇ ಸಾಕು, ಮನೆಯ ಮಾದರಿಗೆ ನಾವು 1:50 ಆರಿಸಿಕೊಳ್ಳಿ ಎನ್ನುವುದಕ್ಕೆ ಇದೂ ಒಂದು ಕಾರಣ. 6 ಇಂಚು ಎತ್ತರದ ಮೆಟ್ಟಿಲೂ 3 ಮಿ.ಮೀ. ಆಗುವುದರಿಂದ ಅದೇ ಬೋರ್ಡಿನ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿದರೆ ಮೆಟ್ಟಿಲ ಸಾಲು ಸಿದ್ಧ.

ಮೂಲೆಯಲ್ಲಿ ಎರಡೂ ಗೋಡೆಗಳನ್ನು ಹೊರ ಅಳತೆಗೆ ಕತ್ತರಿಸಬಾರದು. 25 ಅಡಿಯ ಬದಿ 152.4 ಮಿ.ಮೀ. ಆಗುತ್ತದೆ. ಆ ಬದಿಯ ಗೋಡೆ ಅಡ್ಡಗೋಡೆಗಳೆರಡರ ನಡುವೆ ಕೂರುವುದಾದರೆ ಅದನ್ನು ಎರಡು ದಪ್ಪ ಕಳೆದು 142.4ಕ್ಕೆ ಕತ್ತರಿಸಿ.

ಪ್ರಶ್ನೆ: ಎಂಜಿನಿಯರ್ ಕೊಟ್ಟ ಪಿಡಿಎಫ್ ಮೇಲೆ 1:100 ಎಂದಿದೆ. ಪ್ರಿಂಟ್ ತೆಗೆಸಿ ಸ್ಕೇಲಿನಲ್ಲಿ ಅಳೆದರೆ ಯಾವ ಅಳತೆಯೂ ಹೊಂದುತ್ತಿಲ್ಲ. (ಹುಬ್ಬಳ್ಳಿ)

ಉತ್ತರ: ಎ3 ಹಾಳೆಯ ನಕ್ಷೆಯನ್ನು ಎ4ಗೆ ಇಳಿಸಿದ್ದರೆ ಉದ್ದಗಳೆಲ್ಲ 0.707 ಪಾಲಿಗೆ ಕುಗ್ಗಿರುತ್ತವೆ. ಮೂಲೆಯಲ್ಲಿ 1:100 ಎಂಬ ಬರಹ ಹಾಗೇ ಉಳಿದರೂ ನಿಮ್ಮ ಕೈಯಲ್ಲಿರುವುದು ಸುಮಾರು 1:141ರ ನಕ್ಷೆ. ಹಾಳೆ ಒಂದೇ ಗಾತ್ರದ್ದಾಗಿದ್ದರೂ ‘ಫಿಟ್ ಟು ಪೇಜ್’ ಒತ್ತಿದ್ದರೆ ಅಂಚು ಬಿಡಲು ಅದೂ ಸ್ವಲ್ಪ ಕುಗ್ಗಿಸುತ್ತದೆ. ಪ್ರಿಂಟ್ ಅಂಗಡಿಯಲ್ಲಿ ‘ಆ್ಯಕ್ಚುಯಲ್ ಸೈಜ್’ ಎಂದು ಕೇಳಿ. ಈಗಾಗಲೇ ತೆಗೆಸಿದ್ದನ್ನು ಎಸೆಯಬೇಕಿಲ್ಲ. 30 ಅಡಿ ಎಂದು ಬರೆದಿರುವ ಗೆರೆ ಕಾಗದದಲ್ಲಿ 86 ಮಿ.ಮೀ. ಇದ್ದರೆ 9144ನ್ನು 86ರಿಂದ ಭಾಗಿಸಿ: 1:106. ಆದರೆ ನಕ್ಷೆಯಲ್ಲಿ ಅಂಕಿ ಬರೆದಿರುವ ಕಡೆ ಅಂಕಿಯನ್ನೇ ನಂಬಿ, ಸ್ಕೇಲಿಡಬೇಡಿ.

ಪ್ರಶ್ನೆ: ಮಗನಿಗೆ ತಂದ ಎಚ್‌ಒ ರೈಲುಹಳಿಯ ಮೇಲೆ ನಮ್ಮ ಬ್ರಾಡ್‌ಗೇಜ್ ರೈಲು ಮಾಡಿ ಓಡಿಸಬಹುದೇ? (ಮೈಸೂರು)

ಉತ್ತರ: ಓಡಿಸಬಹುದು, ಆದರೆ ಅಳತೆ ಹೊಂದುವುದಿಲ್ಲ. ಎಚ್‌ಒ ಎಂದರೆ 1:87, ಹಳಿಗಳ ನಡುವೆ 16.5 ಮಿ.ಮೀ. ಇದು 1435 ಮಿ.ಮೀ.ನ ಸ್ಟ್ಯಾಂಡರ್ಡ್ ಗೇಜಿನ ಕುಗ್ಗಿದ ರೂಪ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ.; 87ರಿಂದ ಭಾಗಿಸಿದರೆ 19.3 ಬರಬೇಕು. ಬೋಗಿಯನ್ನು ಸರಿಯಾಗಿ 1:87ಕ್ಕೆ ಮಾಡಿದರೂ ಚಕ್ರಗಳು ಒಳಕ್ಕೆ ಸರಿದು ನಿಂತಂತೆ ಕಾಣುತ್ತವೆ. ಅದೇ ಬೆಂಗಳೂರಿನ ನಮ್ಮ ಮೆಟ್ರೊ ಓಡುವುದು 1435ರ ಮೇಲೆಯೇ. ಆದ್ದರಿಂದ ಮೆಟ್ರೊ ಮಾಡಿ, ನಿಮ್ಮ ಹಳಿಗೆ ಸರಿಯಾಗಿ ಕೂರುತ್ತದೆ. ಬ್ರಿಟನ್ನಿನ ‘ಒಒ’ ಬೋಗಿಗಳನ್ನು ಇದಕ್ಕೆ ಬೆರೆಸಬೇಡಿ: ಹಳಿ ಅದೇ 16.5 ಆದರೂ ಅವುಗಳ ಅನುಪಾತ 1:76. ಅಕ್ಕಪಕ್ಕ ನಿಲ್ಲಿಸಿದರೆ ಗಾತ್ರದ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಪ್ರಶ್ನೆ: ಗ್ರಾಮನಕ್ಷೆಯಲ್ಲಿ 1 ಇಂಚಿಗೆ 660 ಅಡಿ ಎಂದಿದೆ. ನಮ್ಮ ಹೊಲ ಅದರಲ್ಲಿ 0.3 ಇಂಚು ಅಗಲ, 0.5 ಇಂಚು ಉದ್ದ. ಲೆಕ್ಕ ಹಾಕಿದರೆ ಒಂದೂವರೆ ಎಕರೆ ಬರುತ್ತದೆ, ಪಹಣಿಯಲ್ಲಿ 1.20 ಇದೆ. ಯಾವುದು ಸರಿ? (ಹಾವೇರಿ)

ಉತ್ತರ: ಎರಡೂ ಸರಿ. ಪಹಣಿಯ 1.20.00 ದಶಮಾಂಶವಲ್ಲ, 1 ಎಕರೆ, 20 ಗುಂಟೆ, 0 ಆಣೆ ಎಂದು ಓದಬೇಕು. ಎಕರೆಗೆ 40 ಗುಂಟೆ, ಹಾಗಾಗಿ ಅದು ಒಂದೂವರೆ ಎಕರೆಯೇ. ನಿಮ್ಮ ನಕ್ಷೆಯ ಅನುಪಾತ 1:7920. ಉದ್ದ, ಅಗಲ ಎರಡನ್ನೂ ಹಿಗ್ಗಿಸಬೇಕಾದ್ದರಿಂದ ವಿಸ್ತೀರ್ಣಕ್ಕೆ 660ನ್ನು ಎರಡು ಸಲ ಗುಣಿಸಬೇಕು. ನಕ್ಷೆಯ ಒಂದು ಚದರ ಇಂಚು 4,35,600 ಚದರ ಅಡಿ, ಅಂದರೆ ಸರಿಯಾಗಿ 10 ಎಕರೆ. ನಿಮ್ಮ 0.15 ಚದರ ಇಂಚಿಗೆ ಒಂದೂವರೆ ಎಕರೆ ಬಂದದ್ದು ಹಾಗೆ.

ಆದರೆ ಇದೇ ನಕ್ಷೆ ಹಿಡಿದು ಬೇಲಿ ಹಾಕಲು ಹೋಗಬೇಡಿ. ಕಾಗದದ ಮೇಲೆ ಅರ್ಧ ಮಿ.ಮೀ. ಆಚೀಚೆ ಆದರೆ ನೆಲದ ಮೇಲೆ ಅದು ಸುಮಾರು 13 ಅಡಿ. ಜೆರಾಕ್ಸ್ ಪ್ರತಿಯಾದರೆ ಅದೂ ಕುಗ್ಗಿರಬಹುದು. ಬದುವಿನ ಗುರುತಿಗೆ ಸರ್ವೆ ಟಿಪ್ಪಣಿಯ ಅಳತೆಗಳನ್ನು ಹಿಡಿದು ಭೂಮಾಪಕರಿಂದಲೇ ಅಳೆಸಿ.