ನೀಲ್‌ ದ್ವೀಪಕ್ಕೆ ದೋಣಿ ಕಾಯ್ದಿರಿಸುವ ಮೊದಲು ಕಡಲಿನ ಇಳಿತದ ಹೊತ್ತು ನೋಡಿ

ಫೆಬ್ರವರಿಯಲ್ಲಿ ಪತ್ನಿಯೊಂದಿಗೆ ಐದು ರಾತ್ರಿಗೆ ಅಂಡಮಾನಿಗೆ ಹೊರಟಿರುವ ಹಾಸನದ ಸದಸ್ಯರು ನಿನ್ನೆ ಇಲ್ಲಿ ಹಾಕಿದ ದಿನಚರಿ ಓದಿದೆ. ಮೂರನೆಯ ದಿನ ಮಧ್ಯಾಹ್ನ ನೀಲ್ ತಲುಪಿ, ಊಟ ಮುಗಿಸಿ, ಎರಡು ಗಂಟೆಗೆ ಕಲ್ಲಿನ ಸೇತುವೆ (ದಡದಲ್ಲಿ ತಾನಾಗಿಯೇ ಕಮಾನಿನಂತೆ ನಿಂತ ಬಂಡೆ), ನಾಲ್ಕಕ್ಕೆ ಭರತ್‌ಪುರ್ ಬೀಚ್ ಎಂದು ಬರೆದಿದ್ದೀರಿ. ನಮ್ಮ ಏಜೆಂಟರು 2017ರಲ್ಲಿ ಕೊಟ್ಟ ಹಾಳೆಯಲ್ಲಿಯೂ ಇದೇ ಎರಡು ಗಂಟೆ ಇತ್ತು. ಆದ್ದರಿಂದ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ. ಸ್ವಲ್ಪ ಉದ್ದವಾಗುತ್ತದೆ, ಟಿಕೆಟ್ ಕಾಯ್ದಿರಿಸುವ ಮೊದಲು ದಯವಿಟ್ಟು ಪೂರ್ತಿ ಓದಿ.

ನಾನು ಹೊನ್ನಾವರದವಳು. ಶರಾವತಿ ಅಳಿವೆಯಲ್ಲಿ ಬಳಚು ಚಿಪ್ಪು ಹೆಕ್ಕುವ ಹೆಂಗಸರು ತಿಥಿ ಲೆಕ್ಕ ಹಾಕಿ ಬುಟ್ಟಿ ಹಿಡಿದು ಹೊರಡುವುದನ್ನು ನೋಡುತ್ತಲೇ ಬೆಳೆದೆ. ಭರತ, ಇಳಿತ ಎಂಬುದು ನಮಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಆದರೂ ಅಂಡಮಾನಿಗೆ ಹೋಗುವಾಗ ಅದನ್ನೆಲ್ಲ ಮನೆಯಲ್ಲೇ ಬಿಟ್ಟು, ಏಜೆಂಟರ ಹಾಳೆಯನ್ನು ನಂಬಿ ಹೋದೆ. ಅಂದು ಅಷ್ಟಮಿ. ಸೇತುವೆಯ ಬಳಿ ಹೋದಾಗ ನೀರು ತೊಡೆಯ ಮಟ್ಟಕ್ಕಿತ್ತು. ಕಲ್ಲುಗಳ ನಡುವಿನ ಗುಂಡಿಗಳಲ್ಲಿ ಕಾಣಬೇಕಾದ ಜೀವಿಗಳೆಲ್ಲ ನೀರಿನಡಿಯಲ್ಲಿದ್ದವು. ಅಷ್ಟು ದೂರ ಬಂದು ಸೇತುವೆಯ ಕೆಳಗೆ ನಿಂತು ಒಂದು ಫೋಟೊ ಕೂಡ ಇಲ್ಲದೆ ಹೇಗೆ ಹೋಗುವುದೆಂದು ನಾನೇ ಯಜಮಾನರನ್ನು ಒತ್ತಾಯಿಸಿ ನೀರಿಗಿಳಿಸಿದೆ. ಅವರು ಜಾರಿದರು, ಮೊಣಕಾಲು ಹವಳಕ್ಕೆ ಉಜ್ಜಿತು. ಹವಳದ ಗಾಯವನ್ನು ಹಗುರವಾಗಿ ಕಾಣಬೇಡಿ, ಕಣ್ಣಿಗೆ ಕಾಣದ ಪುಡಿ ಒಳಗೇ ಉಳಿಯುತ್ತದೆ. ನಾವು ಸಮುದ್ರದ ನೀರಿನಲ್ಲೇ ತೊಳೆದು ಕರವಸ್ತ್ರ ಕಟ್ಟಿದೆವು. ಊರಿಗೆ ಬಂದ ಮೇಲೆ ಕೀವು ತುಂಬಿ ಮೂರು ವಾರ ನರಳಿದರು. ಸಿಹಿನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು, ಬೆಟಡೈನ್ ಹಚ್ಚಿ, ಅಂದೇ ವೈದ್ಯರಿಗೆ ತೋರಿಸಬೇಕಿತ್ತು. ಅವರು ಕಾಲಿಟ್ಟ ಕಡೆ ಹವಳವೂ ಮುರಿಯಿತು. ಅದು ಕೂಡ ನನ್ನಿಂದಲೇ ಆಯಿತು ಎಂಬ ನೋವು ಇಂದಿಗೂ ಇದೆ.

2023ರಲ್ಲಿ ಮತ್ತೆ ಹೋದೆವು. ಈ ಸಲ ಮೊದಲು ಪಂಚಾಂಗ ತೆರೆದೆ, ಆಮೇಲೆ ವಿಮಾನದ ದರ ನೋಡಿದೆ. ಅಮಾವಾಸ್ಯೆಯ ಮರುದಿನ ನೀಲ್‌ನಲ್ಲಿರುವಂತೆ ಹೊಂದಿಸಿದೆವು. ನಾಲ್ಕು ಗಂಟೆಯ ಸುಮಾರಿಗೆ ನೀರು ಹಿಂದೆ ಸರಿದು, ಆರು ವರ್ಷದ ಹಿಂದೆ ನಾವು ಜಾರಿದ ಜಾಗವೆಲ್ಲ ನಡೆದು ಹೋಗುವ ಬಂಡೆಯಾಗಿತ್ತು. ಗುಂಡಿಗಳಲ್ಲಿ ಕಡಲ ಸೌತೆಗಳು, ನೀಲಿ ತುಟಿಯ ದೊಡ್ಡ ಚಿಪ್ಪುಗಳು, ನಕ್ಷತ್ರ ಮೀನು. ಅಂಗೈಯಷ್ಟು ಆಕ್ಟೋಪಸ್ ಒಂದು ಕಲ್ಲಿನ ಬಣ್ಣವನ್ನೇ ತಳೆದು ಕೂತಿತ್ತು. ಸ್ಥಳೀಯ ಹುಡುಗ ಬೆರಳು ತೋರಿಸದಿದ್ದರೆ ಕಾಣುತ್ತಲೇ ಇರಲಿಲ್ಲ. ನಮ್ಮ ನೆರಳು ಬಿದ್ದೊಡನೆ ಅದು ಬಣ್ಣ ಬದಲಿಸಿ ಬಿರುಕಿನೊಳಗೆ ಹರಿದು ಹೋಯಿತು. ಯಜಮಾನರು ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ.

ಈಗ ಲೆಕ್ಕ ಹೇಳುತ್ತೇನೆ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಅಲ್ಲಿ ಏರಿಳಿತ ಸುಮಾರು ಎರಡು ಮೀಟರ್ ಮುಟ್ಟುತ್ತದೆ, ಅಷ್ಟಮಿಯ ಸುಮಾರಿಗೆ ಅದರ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ತೀರಾ ಕೆಳನೀರು ತಿಥಿಯ ದಿನವೇ ಬರುವುದಿಲ್ಲ, ಒಂದೆರಡು ದಿನ ತಡವಾಗಿ, ಪಾಡ್ಯ ಬಿದಿಗೆಗೆ ಬರುತ್ತದೆ. ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಒಂದು ಅಮಾವಾಸ್ಯೆಯಂದು ಇಳಿತ ಯಾವ ಹೊತ್ತಿಗೆ ಬಂದಿತ್ತೋ ಮುಂದಿನ ಹುಣ್ಣಿಮೆಯಂದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ಆದರೆ ಪಂಚಾಂಗ ದಿನಾಂಕ ಆರಿಸಲು ಮಾತ್ರ. ನಿಮಿಷದ ಲೆಕ್ಕಕ್ಕೆ ಹೈದರಾಬಾದಿನಲ್ಲಿರುವ ಸಾಗರ ಮಾಹಿತಿಯ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್ ಪೋರ್ಟ್ ಬ್ಲೇರ್‌ಗೆ ಕೊಡುವ ಮುನ್ಸೂಚನೆ ನೋಡಿ. ಮೊಬೈಲಿನ ಉಚಿತ ಆ್ಯಪ್‌ಗಳಲ್ಲಿ ಕೆಲವು ಬೇರೆ ದೇಶದ ಸಮಯ ತೋರಿಸುತ್ತವೆ, ಭಾರತೀಯ ಸಮಯವೇ ಎಂದು ಖಚಿತಪಡಿಸಿಕೊಳ್ಳಿ. ಪಟ್ಟಿಯಲ್ಲಿರುವ ಹೊತ್ತಿಗಿಂತ ಒಂದು ಗಂಟೆ ಮೊದಲೇ ಬಂಡೆಯ ಮೇಲಿರಿ, ನೀರು ಮತ್ತೆ ಏರತೊಡಗಿದೊಡನೆ ಹಿಂದಿರುಗಿ. ಹಗ್ಗದ ಚಪ್ಪಲಿ ಸಾಲದು, ಹಿಮ್ಮಡಿ ಮುಚ್ಚುವ ರಬ್ಬರ್ ಅಡಿಯ ಬೂಟು ಬೇಕು.

ಅಮಾವಾಸ್ಯೆಯಂದು ಪ್ರಯಾಣ ಬೇಡ ಎನ್ನುವ ಹಿರಿಯರು ನಿಮ್ಮ ಮನೆಯಲ್ಲಿಯೂ ಇರಬಹುದು. ಅವರೊಡನೆ ವಾದ ಮಾಡಬೇಡಿ, ಎರಡು ದಿನ ಮೊದಲೇ ಹೊರಡಿ. ಹುಣ್ಣಿಮೆಗೂ ಇಳಿತ ಅಷ್ಟೇ ಇರುತ್ತದೆ, ಆದರೆ ಪಕ್ಕದ ಹ್ಯಾವ್‌ಲಾಕ್ ದ್ವೀಪದಲ್ಲಿ ರಾತ್ರಿ ನೀರು ಹೊಳೆಯುವುದನ್ನು ನೋಡಬೇಕೆಂದರೆ ಕತ್ತಲೆ ಬೇಕು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬಳಿ ಕಯಾಕ್‌ನಲ್ಲಿ ಕರೆದೊಯ್ಯುತ್ತಾರೆ, ಹುಟ್ಟು ಹಾಕಿದಲ್ಲೆಲ್ಲ ನೀಲಿ ಕಿಡಿ ಏಳುತ್ತದೆ. ಬೆಳದಿಂಗಳಿದ್ದರೆ ಅದು ಕಣ್ಣಿಗೆ ಹತ್ತುವುದಿಲ್ಲ. ಆದ್ದರಿಂದಲೇ ನಾನು ಅಮಾವಾಸ್ಯೆಯ ಕಡೆ.

ಒಂದು ಎಚ್ಚರಿಕೆ. ನೀರು ಹೆಚ್ಚು ಏರಿಳಿಯುವ ದಿನಗಳಲ್ಲಿ ಸೆಳೆತ ಜೋರು, ನೀರೂ ಕದಡಿರುತ್ತದೆ, ಡೈವಿಂಗ್‌ಗೆ ಅದು ಒಳ್ಳೆಯದಲ್ಲ. ಇನ್ನು ಭರತ್‌ಪುರ್‌ನಲ್ಲಾಗಲಿ, ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚ್‌ನಲ್ಲಾಗಲಿ ಸ್ನಾರ್ಕೆಲಿಂಗ್‌ಗೆ (ಕೊಳವೆಯಲ್ಲಿ ಉಸಿರಾಡುತ್ತ ಮುಖ ಮುಳುಗಿಸಿ ತೇಲುವುದಕ್ಕೆ) ಕೆಳನೀರು ಬೇಡವೇ ಬೇಡ. ಹೊಟ್ಟೆ ಹವಳಕ್ಕೆ ತಾಗುತ್ತದೆ, ನೀವು ಹೆದರಿ ಎದ್ದು ನಿಲ್ಲುತ್ತೀರಿ, ನಿಂತರೆ ಹವಳ ಸತ್ತಿತು. ಹಾಗಾಗಿ ನಿಮ್ಮ ಪಟ್ಟಿಯನ್ನು ತಿರುಗಿಸಿ. ಮೊದಲು ನೀಲ್, ಒಂದು ರಾತ್ರಿ ಅಲ್ಲೇ. ನಂತರ ಹ್ಯಾವ್‌ಲಾಕ್, ಅಷ್ಟರಲ್ಲಿ ಚೌತಿ ಪಂಚಮಿಯಾಗಿ ನೀರು ಶಾಂತವಾಗುತ್ತಿರುತ್ತದೆ. ಕೊನೆಯ ರಾತ್ರಿ ಪೋರ್ಟ್ ಬ್ಲೇರ್.

ಆ ಕೊನೆಯ ರಾತ್ರಿಯ ವಿಷಯದಲ್ಲಿ ನಿಮ್ಮನ್ನು ಗದರಿಸಲೇಬೇಕು. ಬೆಳಿಗ್ಗೆ ಹ್ಯಾವ್‌ಲಾಕ್ ಬಿಟ್ಟು ಅದೇ ಮಧ್ಯಾಹ್ನ ಬೆಂಗಳೂರಿನ ವಿಮಾನ ಎಂದು ಬರೆದಿದ್ದೀರಿ. ಗಾಳಿ ಎದ್ದು ದೋಣಿ ರದ್ದಾದರೆ ಹಣ ಹಿಂದೆ ಬರಬಹುದು, ವಿಮಾನ ನಿಮಗಾಗಿ ಕಾಯುವುದಿಲ್ಲ. ಜೊತೆಗೆ ಹಿಂದಿನ ಮಧ್ಯಾಹ್ನ ಸ್ಕೂಬಾ ಇಟ್ಟುಕೊಂಡಿದ್ದೀರಿ. ನೀರಿನಡಿಯಿಂದ ಬಂದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು, ರಕ್ತದಲ್ಲಿ ಕರಗಿದ ನೈಟ್ರೋಜನ್ ಮೇಲೇರಿದಾಗ ಗುಳ್ಳೆಯಾಗುತ್ತದೆ. ನಾನು 24 ಗಂಟೆ ಬಿಡುತ್ತೇನೆ. ಆಸ್ತಮಾ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ. ಈಜು ಬಾರದಿದ್ದರೂ ಮೊದಲ ಡೈವ್ ಮಾಡಿಸುತ್ತಾರೆ, ಆದರೆ ಧೈರ್ಯ ಸಾಲದು ಎನಿಸಿದರೆ ಮೊದಲು ನಮ್ಮ ಮುರುಡೇಶ್ವರಕ್ಕೆ ಬಂದು ನೇತ್ರಾಣಿಯಲ್ಲಿ ಒಮ್ಮೆ ಮುಳುಗಿ ನೋಡಿ. ಅಂಡಮಾನಿನ ಖರ್ಚಿನಲ್ಲಿ ಭಯ ಕಳೆಯುವುದಕ್ಕಿಂತ ಅದು ಮೇಲು.

ದೋಣಿಗಳಲ್ಲಿ ಮ್ಯಾಕ್ರೂಜ್ ವೇಗದ್ದು, ಆದರೆ ಎಲ್ಲವೂ ಗಾಜಿನೊಳಗೆ. ಗ್ರೀನ್ ಓಷನ್‌ನಲ್ಲಿ ನಮ್ಮನ್ನು ಮೇಲಟ್ಟಕ್ಕೆ ಬಿಟ್ಟರು, ಹಾರುವ ಮೀನುಗಳು ಅಲೆಯಿಂದ ಅಲೆಗೆ ಜಿಗಿಯುವುದನ್ನು ಅಲ್ಲಿಂದಲೇ ನೋಡಿದೆವು. ಸರ್ಕಾರಿ ದೋಣಿ ಅಗ್ಗ, ನಿಧಾನ, ಟಿಕೆಟ್ ಸಿಕ್ಕರೆ ನಾನು ಅದನ್ನೇ ಹತ್ತುತ್ತೇನೆ. ವಾಂತಿಯ ಭಯವಿದ್ದರೆ ಕೆಳಗಿನ ಅಟ್ಟದಲ್ಲಿ ಮಧ್ಯದ ಸೀಟು, ಹೊರಡುವ ಒಂದು ಗಂಟೆ ಮೊದಲು ಅವೊಮಿನ್ ಮಾತ್ರೆ. ವೈದ್ಯರನ್ನು ಕೇಳಿ ತೆಗೆದುಕೊಳ್ಳಿ, ನಿದ್ದೆ ಬರುತ್ತದೆ, ಡೈವ್ ಮಾಡುವ ದಿನ ಬೇಡ.

ಸೂರ್ಯನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಂಡಮಾನ್ ಎಷ್ಟೋ ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಫೆಬ್ರವರಿಯಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಹ್ಯಾವ್‌ಲಾಕ್‌ನ ರಾಧಾನಗರ ಬೀಚ್‌ಗೆ ಐದಕ್ಕೆ ಹೊರಟರೆ ದಾರಿಯಲ್ಲೇ ಕತ್ತಲಾಗುತ್ತದೆ. ನಾಲ್ಕರೊಳಗೆ ಅಲ್ಲಿರಿ. ಕತ್ತಲಾದ ಮೇಲೆ ನೀರಿನಲ್ಲಿರಬೇಡಿ, ತೊರೆ ಸಮುದ್ರ ಸೇರುವ ಮೂಲೆಗಳಿಗೆ ಹೋಗಲೇಬೇಡಿ. ಅಲ್ಲಿ ಇರುವುದು ಉಪ್ಪುನೀರಿನ ಮೊಸಳೆ. 2010ರಲ್ಲಿ ಅದೇ ಕಡಲತೀರದ ಬಳಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರನ್ನು ಮೊಸಳೆ ಎಳೆದೊಯ್ದಿತ್ತು. ಜೀವರಕ್ಷಕರು ಸೀಟಿ ಊದಿದರೆ ಮರುಮಾತಿಲ್ಲದೆ ಹೊರಗೆ ಬನ್ನಿ.

ಬಣ್ಣದ ಹವಳ ಎಲ್ಲಿ ಎಂದು ಕೇಳಿದ್ದೀರಿ. ದಡದ ಬಳಿಯ ಬಹಳಷ್ಟು ಹವಳ 2010ರಲ್ಲಿ ನೀರು ಬಿಸಿಯಾದಾಗ ಬಿಳಿಚಿ ಸತ್ತಿತು, ಜಾಹೀರಾತಿನ ಚಿತ್ರ ನಂಬಿ ಹೋಗಬೇಡಿ. ಪೋರ್ಟ್ ಬ್ಲೇರ್ ಬಳಿಯ ವಂಡೂರಿನಿಂದ ಹೋಗುವ ಜಾಲಿ ಬಾಯ್ ದ್ವೀಪ ನನಗೆ ಹೆಚ್ಚು ಹಿಡಿಸಿತು. ಅದು ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ಭಾಗ, ಪರವಾನಗಿ ಮೊದಲೇ ಪಡೆಯಬೇಕು, ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಆ ನಿಯಮಕ್ಕೆ ಗೊಣಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಸ್ಟೀಲ್ ಬಾಟಲಿ ಒಯ್ಯಲು ಏನು ಕಷ್ಟ? ಮೀನಿಗೆ ಬ್ರೆಡ್ ಹಾಕಬೇಡಿ. ಪಟ್ಟೆಪಟ್ಟೆಯ ಕಡಲ ಹಾವು ಕಂಡರೆ ಗಾಬರಿಯಾಗಬೇಡಿ, ವಿಷ ಭಾರಿ, ಸ್ವಭಾವ ಸಾಧು, ದಾರಿ ಬಿಟ್ಟರೆ ತನ್ನಷ್ಟಕ್ಕೆ ಹೋಗುತ್ತದೆ. ದಡದಲ್ಲಿ ಬಿದ್ದ ಚಿಪ್ಪನ್ನೂ ಸತ್ತ ಹವಳದ ಚೂರನ್ನೂ ಚೀಲಕ್ಕೆ ಹಾಕಬೇಡಿ. ಹವಳ ವನ್ಯಜೀವಿ ಕಾಯ್ದೆಯಡಿ ಬರುತ್ತದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ಚಿಪ್ಪೋ, ಸನ್ಯಾಸಿ ಏಡಿಗೆ ಅದೇ ಮನೆ. ಒಂದು ಏಡಿ ಪ್ಲಾಸ್ಟಿಕ್ ಮುಚ್ಚಳ ಹೊತ್ತು ನಡೆಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬಾರಾಟಾಂಗ್ ದ್ವೀಪ ಬಿಡಿ. ಐದು ರಾತ್ರಿಯಲ್ಲಿ ಅದಕ್ಕೆ ಜಾಗವಿಲ್ಲ. ಸುಣ್ಣಕಲ್ಲಿನ ಗುಹೆಗೂ ಕೆಸರಿನ ಜ್ವಾಲಾಮುಖಿಗೂ ಆಸೆಪಟ್ಟು ಹೋಗುವವರು ಜಿರ್ಕಾಟಾಂಗ್‌ನಿಂದ ಬೆಂಗಾವಲಿನಲ್ಲಿ ಸಾಗುವುದು ಜಾರವಾ ಜನರ ಕಾಡಿನ ನಡುವೆ. ಅವರನ್ನು ಕಾಣಬಹುದೇ ಎಂದು ನೀವು ಕೇಳಿದ್ದು ಸರಿಯಲ್ಲ. ಅವರು ಮನುಷ್ಯರು, ಮೃಗಾಲಯದ ಪ್ರಾಣಿಗಳಲ್ಲ. ಫೋಟೊ ತೆಗೆಯುವುದು, ತಿಂಡಿ ಕೊಡುವುದು, ವಾಹನ ನಿಲ್ಲಿಸುವುದು ಶಿಕ್ಷಾರ್ಹ ಅಪರಾಧ.

ಪತ್ನಿಗೆ ಹಕ್ಕಿಗಳ ಹುಚ್ಚು ಎಂದಿದ್ದೀರಿ, ಆ ದಿನವನ್ನು ಅವರಿಗೆ ಕೊಡಿ. ಬೆಳಿಗ್ಗೆ ಐದೂವರೆಗೆ ಪೋರ್ಟ್ ಬ್ಲೇರ್ ಬಳಿಯ ಚಿಡಿಯಾ ಟಾಪು. ಅಂಡಮಾನ್ ಮರಕುಟಿಗ ಪೂರ್ತಿ ಕಪ್ಪು, ತಲೆ ಕೆಂಪು. ಅಲ್ಲಿಯ ಕೆಂಬೂತ ನಮ್ಮದಕ್ಕಿಂತ ಬೇರೆ, ಮಾಸಲು ಕಂದು ಬಣ್ಣದ್ದು. ಹಿಂದಿರುಗುವಾಗ ಸಿಪ್ಪಿಘಾಟ್‌ನಲ್ಲಿ ನಿಲ್ಲಿ. 2004ರ ಭೂಕಂಪದಲ್ಲಿ ಆ ಭಾಗದ ನೆಲ ಕುಸಿದು, ಗದ್ದೆಗಳಿಗೆ ಸಮುದ್ರದ ನೀರು ನುಗ್ಗಿ ಹಾಗೆಯೇ ನಿಂತಿತು. ರೈತರು ಕಳೆದುಕೊಂಡ ಆ ಗದ್ದೆಗಳಲ್ಲಿ ಈಗ ನೀರುಹಕ್ಕಿಗಳಿವೆ. ನಮಗೆ ಅದನ್ನು ನೋಡಿ ಮನಸ್ಸು ಭಾರವಾಯಿತು. ಸೆಲ್ಯುಲಾರ್ ಜೈಲಿಗೆ ಬರೀ ಸಂಜೆಯ ಧ್ವನಿ ಬೆಳಕು ಪ್ರದರ್ಶನ ಇಟ್ಟುಕೊಳ್ಳಬೇಡಿ, ಹಗಲೇ ಎರಡು ಗಂಟೆ ಕೊಡಿ. ಏಳು ಸಾಲುಗಳಲ್ಲಿ ಮೂರು ಮಾತ್ರ ಉಳಿದಿವೆ, ಒಂದು ಕೋಣೆಯೊಳಗೆ ಮಾತಿಲ್ಲದೆ ಸ್ವಲ್ಪ ಹೊತ್ತು ನಿಲ್ಲಿ. ರಾಸ್ ದ್ವೀಪದಲ್ಲಿ ಜಿಂಕೆಗಳು ಕೈ ಮೂಸಲು ಬರುತ್ತವೆ, ಬಿಸ್ಕತ್ತು ಬೇಡ.

ದಾಖಲೆಯ ಹೆಸರುಗಳಲ್ಲಿ ಗೊಂದಲವಾಗದಿರಲಿ: ಟಿಕೆಟ್‌ನಲ್ಲಿ ಸ್ವರಾಜ್ ದ್ವೀಪ ಎಂದರೆ ಹ್ಯಾವ್‌ಲಾಕ್, ಶಹೀದ್ ದ್ವೀಪ ಎಂದರೆ ನೀಲ್. ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ.

ಸ್ನಾರ್ಕೆಲಿಂಗ್ ಮುಖವಾಡವನ್ನು ಬಾಡಿಗೆಗೆ ಪಡೆಯಬೇಡಿ, ಡೆಕಾಥ್ಲಾನ್‌ನ ಕಣ್ಣು ಮೂಗು ಮುಚ್ಚುವ ಸಾಧಾರಣ ಜೋಡಿ ಸಾಕು, ಮುಖ ಪೂರ್ತಿ ಮುಚ್ಚುವ ನಮೂನೆ ನನಗೆ ಉಸಿರು ಕಟ್ಟಿದಂತಾಗುತ್ತದೆ. ಅಂಗಡಿಯಲ್ಲೇ ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆದು ನೋಡಿ, ಬೀಳದೆ ಅಂಟಿಕೊಂಡರೆ ಅದು ನಿಮ್ಮ ಅಳತೆ. ಯಜಮಾನರ ಮೀಸೆಯಿಂದ ನೀರು ಒಳಬರುತ್ತಿತ್ತು, ಸ್ವಲ್ಪ ವ್ಯಾಸಲೀನ್ ಹಚ್ಚಿದ ಮೇಲೆ ನಿಂತಿತು. ದಿನಾಂಕ ಬದಲಿಸಿದರೆ ಇಲ್ಲಿಯೇ ಬರೆಯಿರಿ, ಆ ವಾರದ ಇಳಿತದ ಹೊತ್ತನ್ನು ನೋಡಿ ನೀಲ್‌ಗೆ ಯಾವ ದೋಣಿ ಹಿಡಿಯಬೇಕೆಂದು ಹೇಳುತ್ತೇನೆ.