ಸ್ಪೋರ್ಟ್ಸ್ ಬಾರ್ ಬಿಲ್‌ನಲ್ಲಿ ಉಳಿಸುವುದು ಹೀಗೆ

ಕೋರಮಂಗಲದ ಸ್ಪೋರ್ಟ್ಸ್ ಬಾರ್‌ನಲ್ಲಿ ನಾಲ್ಕು ಜನ ಆರ್‌ಸಿಬಿ ಮ್ಯಾಚ್ ನೋಡಿದರೆ ಪಾಕೆಟ್ ಮನಿ ಖಾಲಿ, ಏನು ಮಾಡೋದು ಅಂತ ಕೇಳಿದ್ದೀರಿ. ಹಾಸ್ಟೆಲ್‌ನಲ್ಲಿದ್ದಾಗ ನಮ್ಮದೂ ಇದೇ ಪಾಡು.

ಮೊದಲು ಬಿಲ್‌ನ ಕೊನೆಯ ಸಾಲುಗಳನ್ನು ನೋಡಿ. ಸರ್ವಿಸ್ ಚಾರ್ಜ್ ಇದ್ದರೆ ತೆಗೆಸಿ. 2022ರ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಪ್ರಕಾರ ಅದನ್ನು ಕೇಳದೆ ಸೇರಿಸುವಂತಿಲ್ಲ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಒಮ್ಮೆ 2,400ರ ಬಿಲ್‌ನಲ್ಲಿ ನಮಗೆ 240 ಉಳಿಯಿತು, ವಾಪಸ್ ಬರುವ ಆಟೋ ಖರ್ಚು ಅದರಲ್ಲೇ ಆಯಿತು!

ಕೂತ ತಕ್ಷಣ ಬಾಟಲಿ ನೀರು ತಂದಿಡುತ್ತಾರೆ. ಮುಚ್ಚಳ ತೆಗೆಯುವ ಮುಂಚೆಯೇ ‘ಮಾಮೂಲಿ ನೀರು ಕೊಡಿ’ ಅನ್ನಿ. ಊಟ ಮೆಸ್‌ನಲ್ಲೇ ಮುಗಿಸಿ ಹೋಗಿ, ಅಲ್ಲಿ ಒಂದು ಪ್ಲೇಟ್ ಮಸಾಲೆ ಕಡಲೆಬೀಜ ಸಾಕು. ಮ್ಯಾಚ್ ದಿನ ಕವರ್ ಚಾರ್ಜ್ (ಒಳಗೆ ಹೋಗೋಕೆ ಕೊಡಬೇಕಾದ ದುಡ್ಡು) ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.