ಇಂಗ್ಲಿಷ್ ಪ್ರಶ್ನೋತ್ತರ: ಮೇಡಂ 'ಕಮ್' ಅಲ್ಲ, 'ಕಮ್ಸ್'

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಿಂಪಲ್ ಪ್ರೆಸೆಂಟ್ ಟೆನ್ಸ್ ಬಗ್ಗೆಯೇ ಇವೆ. ಬರೆದವರೆಲ್ಲ ಬೆಂಗಳೂರಿನವರು, ಒಂದಲ್ಲ ಒಂದು ಕಡೆ ಇಂಗ್ಲಿಷ್ ಬೇಕಾದವರು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇದೊಂದನ್ನೇ ಕೈಗೆತ್ತಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಲೈನ್ ಸೂಪರ್‌ವೈಸರ್. ಓದಿದ್ದೆಲ್ಲ ಕನ್ನಡ ಮೀಡಿಯಂ. ಹೋದ ತಿಂಗಳು ಬೈಯರ್ ಕಡೆಯವರು ಫ್ಲೋರ್ ನೋಡೋಕೆ ಬಂದಿದ್ದರು. ನಮ್ಮ ಕ್ವಾಲಿಟಿ ಮೇಡಂ ಬಗ್ಗೆ ಕೇಳಿದಾಗ 'ಮೇಡಂ ಕಮ್ ಅಟ್ ಟೆನ್, ದೇ ಚೆಕ್ ಆಲ್ ಪೀಸ್' ಅಂದೆ. ಅವರು 'ಹೌ ಮೆನಿ ಪೀಪಲ್ ಚೆಕ್?' ಅಂತ ಕೇಳಿಬಿಟ್ಟರು. ನನಗೆ ಉತ್ತರವೇ ಹೊಳೆಯಲಿಲ್ಲ. 'ಹಿ, ಷಿ, ಇಟ್ ಬಂದರೆ ಎಸ್ ಸೇರಿಸು' ಅನ್ನೋದು ಶಾಲೆಯಿಂದಲೂ ಬಾಯಿಪಾಠ. ಮಾತಾಡುವಾಗ ಮಾತ್ರ ಬರೋದೇ ಇಲ್ಲ. ಯಾಕೆ?
— ಲಗ್ಗೆರೆಯ ಓದುಗರು

ಉತ್ತರ: ನಿಮ್ಮ ತಪ್ಪು ಗೌರವದಿಂದ ಆದದ್ದಮ್ಮ. ಕ್ವಾಲಿಟಿ ಮೇಡಂ ಬಗ್ಗೆ 'ಬರ್ತಾಳೆ' ಅನ್ನಲು ನಿಮಗೆ ನಾಲಿಗೆ ಹೊರಳುವುದಿಲ್ಲ. 'ಬರ್ತಾರೆ, ಚೆಕ್ ಮಾಡ್ತಾರೆ' ಎಂದೇ ಮನಸ್ಸಿನಲ್ಲಿ ವಾಕ್ಯ ಹುಟ್ಟುತ್ತದೆ. ಕನ್ನಡದಲ್ಲಿ ಒಬ್ಬರಿಗೆ ಗೌರವ ಕೊಟ್ಟರೂ 'ಆರೆ', ಹತ್ತು ಜನ ಬಂದರೂ 'ಆರೆ'. ನಿಮ್ಮ ಮನಸ್ಸು ಆ 'ಆರೆ'ಯನ್ನು ನಿಯತ್ತಾಗಿ ಇಂಗ್ಲಿಷಿಗೆ ದಾಟಿಸಿತು: ದೇ, ಕಮ್, ಚೆಕ್. ಬಂದವರ ಕಿವಿಗೆ ಅದು ನಾಲ್ಕಾರು ಜನರ ಹಾಗೆ ಕೇಳಿಸಿತು. ಅವರು ಹಾಗೆ ಕೇಳಿದ್ದರಲ್ಲಿ ಕುಹಕವೇನೂ ಇರಲಾರದು, ನಿಜವಾಗಿಯೂ ಎಷ್ಟು ಜನ ಎಂದು ತಿಳಿಯದೆ ಕೇಳಿದ್ದಾರೆ.

ಇಂಗ್ಲಿಷಿನ ಕ್ರಿಯಾಪದಕ್ಕೆ ಗೌರವ ಗೊತ್ತಿಲ್ಲ. ಅದಕ್ಕೆ ತಲೆ ಎಣಿಸುವುದಷ್ಟೇ ಗೊತ್ತು. ಮಾತಾಡುವವರೂ ಕೇಳುವವರೂ ಅಲ್ಲದ ಮೂರನೆಯ ವ್ಯಕ್ತಿ ಒಬ್ಬರೇ ಆದರೆ ಎಸ್ ಬರಬೇಕು, ಆ ಒಬ್ಬರು ಕೆಲಸದ ಹುಡುಗನಾಗಲಿ, ಮುಖ್ಯಮಂತ್ರಿಯಾಗಲಿ. 'ಮೇಡಂ ಕಮ್ಸ್ ಅಟ್ ಟೆನ್. ಷಿ ಚೆಕ್ಸ್ ಆಲ್ ದ ಪೀಸಸ್.' ಇಷ್ಟು ಹೇಳಿದರೆ ಮೇಡಂಗೆ ಅಗೌರವ ಆಗುವುದಿಲ್ಲ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು. ಈ ತೊಡಕು ಶಾಲೆಯಲ್ಲಿ ಯಾಕೆ ಬಿಡಿಸಿಕೊಳ್ಳುವುದಿಲ್ಲ ಎಂದು ಯೋಚಿಸಿದಾಗಲೆಲ್ಲ ನನಗೆ ಕಾಣುವ ಕಾರಣ ಒಂದೇ. ಬೋರ್ಡಿನ ಮೇಲೆ ನಾವು ಬರೆಯುವುದು 'ರಾಮ ಗೋಸ್ ಟು ಸ್ಕೂಲ್, ಸೀತಾ ಸಿಂಗ್ಸ್ ಎ ಸಾಂಗ್'. ಆ ರಾಮ ಚಿಕ್ಕ ಹುಡುಗ, ಆ ಸೀತೆ ಚಿಕ್ಕ ಹುಡುಗಿ. ಕನ್ನಡದಲ್ಲೂ ಅವರು 'ಹೋಗ್ತಾನೆ, ಹಾಡ್ತಾಳೆ'. ಅಲ್ಲಿ ಎಸ್ ಸಲೀಸಾಗಿ ಬರುತ್ತದೆ, ಮಕ್ಕಳಿಗೆ ಪೂರ್ತಿ ಅಂಕವೂ ಬರುತ್ತದೆ. ದೊಡ್ಡವರಾಗಿ ಕೆಲಸಕ್ಕೆ ಸೇರಿದ ಮೇಲೆ ನಾವು ಇಂಗ್ಲಿಷಿನಲ್ಲಿ ಮಾತಾಡುವುದು ಯಾರ ಬಗ್ಗೆ? ಮ್ಯಾನೇಜರ್, ಡಾಕ್ಟರ್, ಮಗಳ ಟೀಚರ್, ಅತ್ತೆ, ಮಾವ. ಎಲ್ಲರೂ 'ಆರೆ'ಗಳೇ. ಆ ವಾಕ್ಯಗಳನ್ನು ನಾವು ತರಗತಿಯಲ್ಲಿ ಒಮ್ಮೆಯೂ ಹೇಳಿಸಿಲ್ಲ.

ಆದ್ದರಿಂದ ನಿಮ್ಮ ಅಭ್ಯಾಸ ಅಲ್ಲಿಂದಲೇ ಶುರುವಾಗಲಿ. ನೀವು 'ಅವರು' ಎನ್ನುವವರನ್ನೇ ಹುಡುಕಿಕೊಂಡು ವಾಕ್ಯ ಮಾಡಿ. 'ಮೈ ಮದರ್-ಇನ್-ಲಾ ಗೆಟ್ಸ್ ಅಪ್ ಅಟ್ ಫೈವ್. ಮೈ ಫಾದರ್-ಇನ್-ಲಾ ರೀಡ್ಸ್ ದ ಪೇಪರ್. ಮ್ಯಾನೇಜರ್ ಸರ್ ಆಸ್ಕ್ಸ್ ಫಾರ್ ದ ಟಾರ್ಗೆಟ್ ಎವ್ರಿ ಅವರ್.' ಮನಸ್ಸಿನಲ್ಲೇ ಹೇಳಿಕೊಂಡರೆ ಸಾಲದು, ಬಾಯಿಬಿಟ್ಟು ಹೇಳಬೇಕು. ಬಸ್ಸಿನಲ್ಲಿ ಆಗದಿದ್ದರೆ ಅಡುಗೆ ಮಾಡುವಾಗ ಹೇಳಿ.

ಇನ್ನೊಂದು ಮಾತು. ಕ್ರಿಯಾಪದಕ್ಕೆ ಬಾಲ ಹಚ್ಚುವುದು ನಿಮಗೆ ಹೊಸದಲ್ಲ. ಬರ್ತೀನಿ, ಬರ್ತೀಯ, ಬರ್ತಾನೆ, ಬರ್ತಾಳೆ, ಬರತ್ತೆ, ಬರ್ತಾರೆ ಎಂದು ಉಸಿರಾಡುವಷ್ಟು ಸಲೀಸಾಗಿ ಬದಲಿಸುತ್ತೀರಿ. ಇಂಗ್ಲಿಷಿನಲ್ಲೂ ಹಿಂದೆ ಇಂಥ ಬಾಲಗಳು ಹೆಚ್ಚಿದ್ದವು, ಸವೆದು ಸವೆದು ಕೊನೆಗೆ ಈ ಎಸ್ ಒಂದು ಉಳಿಯಿತು. ಅದೂ ಮೊದಲು ಉತ್ತರ ಇಂಗ್ಲೆಂಡಿನ ಆಡುಮಾತು. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್ಲಿನಲ್ಲಿ 'ಕಮ್ಸ್' ಇಲ್ಲ, 'ಕಮೆತ್' ಇದೆ. ಇಂಗ್ಲೆಂಡಿನ ನಾರ್ಫಕ್ ಸೀಮೆಯ ಹಳೆಯ ಆಡುಮಾತಿನಲ್ಲಿ 'ಷಿ ಗೋ' ಎಂದೇ ಹೇಳುತ್ತಾರೆ. ಎಸ್ ಬಿಟ್ಟುಹೋದರೆ ಪ್ರಪಂಚ ಮುಳುಗುವುದಿಲ್ಲ. ಆದರೆ ಆಫೀಸಿನಲ್ಲಿ, ಇಂಟರ್‌ವ್ಯೂನಲ್ಲಿ ಜನ ನಮ್ಮನ್ನು ಅಳೆಯುವುದು ಅದರಿಂದಲೇ, ಆದ್ದರಿಂದ ಕಲಿಯೋಣ.

ಪ್ರಶ್ನೆ: ನಾನು ಬಿ.ಕಾಂ ಕೊನೆಯ ವರ್ಷ. ಅಣಕು ಇಂಟರ್‌ವ್ಯೂನಲ್ಲಿ 'ಐ ಆಮ್ ಸ್ಟೇಯಿಂಗ್ ಇನ್ ಕೆಂಗೇರಿ, ಐ ಆಮ್ ಹ್ಯಾವಿಂಗ್ ಒನ್ ಸಿಸ್ಟರ್, ಐ ಆಮ್ ನೋಯಿಂಗ್ ಟ್ಯಾಲಿ' ಅಂದೆ. ಮೂರೂ ತಪ್ಪು ಅಂದರು, ಯಾಕೆ ಅಂತ ಹೇಳಲಿಲ್ಲ. ಎಲ್ಲರೂ ಹೀಗೇ ಮಾತಾಡ್ತಾರಲ್ಲ?
— ಕೆಂಗೇರಿಯ ವಿದ್ಯಾರ್ಥಿ

ಉತ್ತರ: ಎಲ್ಲರೂ ಹೀಗೇ ಮಾತಾಡುವುದು ನಿಜ, ಕೇಳಿದವರಿಗೆ ಅರ್ಥವೂ ಆಗುತ್ತದೆ. ಆದರೆ ಇಂಟರ್‌ವ್ಯೂನಲ್ಲಿ ಸರಿಯಾದದ್ದೇ ಬೇಕು.

'ಐಎನ್‌ಜಿ' ಬರುವುದು ಈಗ ನಡೆಯುತ್ತಿರುವ, ಸ್ವಲ್ಪ ಹೊತ್ತಿಗೋ ಸ್ವಲ್ಪ ದಿನಕ್ಕೋ ಮುಗಿಯುವ ಕೆಲಸಕ್ಕೆ. 'ಐ ಆಮ್ ಸ್ಟೇಯಿಂಗ್ ಇನ್ ಕೆಂಗೇರಿ' ಅಂದರೆ ಸದ್ಯಕ್ಕೆ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡಿದ್ದೀರಿ ಎಂದಾಗುತ್ತದೆ. ಅಲ್ಲೇ ಮನೆ, ಅಲ್ಲೇ ಸಂಸಾರ ಎಂದಾದರೆ 'ಐ ಲಿವ್ ಇನ್ ಕೆಂಗೇರಿ'. 

ಉಳಿದೆರಡಕ್ಕೆ ನಿಮ್ಮ ಕನ್ನಡವನ್ನೇ ಕೇಳಿ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡುತ್ತಿದ್ದ ಗುರುತು ಇದು: ಕನ್ನಡದಲ್ಲಿ ಯಾವ ವಾಕ್ಯ 'ನನಗೆ' ಎಂದು ಶುರುವಾಗುತ್ತದೋ, ಇಂಗ್ಲಿಷಿನಲ್ಲಿ ಅದಕ್ಕೆ ಹೆಚ್ಚಾಗಿ ಸಿಂಪಲ್ ಪ್ರೆಸೆಂಟೇ ಬೇಕು. ನನಗೆ ಟ್ಯಾಲಿ ಗೊತ್ತು, 'ಐ ನೋ ಟ್ಯಾಲಿ'. ನನಗೆ ಕೆಲಸ ಬೇಕು, 'ಐ ನೀಡ್ ಎ ಜಾಬ್'. ನನಗೆ ಅಕೌಂಟ್ಸ್ ಇಷ್ಟ, 'ಐ ಲೈಕ್ ಅಕೌಂಟ್ಸ್'. ನನಗೆ ನೆನಪಿದೆ, 'ಐ ರಿಮೆಂಬರ್'. ನನಗೆ ಅರ್ಥ ಆಗತ್ತೆ, 'ಐ ಅಂಡರ್‌ಸ್ಟ್ಯಾಂಡ್'. ನನಗೆ ಒಬ್ಬ ತಂಗಿ ಇದ್ದಾಳೆ, 'ಐ ಹ್ಯಾವ್ ಎ ಸಿಸ್ಟರ್'. ಇವು ಯಾವುವೂ ನಾವು ಕೂತು ಮಾಡುವ ಕೆಲಸಗಳಲ್ಲ, ನಮ್ಮಲ್ಲಿ ಇರುವ ಸ್ಥಿತಿಗಳು. ಅದಕ್ಕೇ ಕನ್ನಡದಲ್ಲೂ 'ನಾನು ಟ್ಯಾಲಿ ಗೊತ್ತುಮಾಡ್ತಾ ಇದ್ದೀನಿ' ಎಂದು ಯಾರೂ ಹೇಳುವುದಿಲ್ಲ. ಹಸಿವು, ಚಳಿ, ಸುಸ್ತು ಇಂಥವಕ್ಕೂ ಸಿಂಪಲ್ ಪ್ರೆಸೆಂಟೇ, ಆದರೆ ಅಲ್ಲಿ ಬೇರೆ ಕ್ರಿಯಾಪದ ಬರುವುದಿಲ್ಲ. ಅವಕ್ಕೆ 'ಆಮ್' ಬೇಕು: 'ಐ ಆಮ್ ಹಂಗ್ರಿ', 'ಐ ಆಮ್ ಟಯರ್ಡ್'.

'ಹ್ಯಾವಿಂಗ್' ಪೂರ್ತಿ ನಿಷಿದ್ಧವೇನಲ್ಲ. 'ಐ ಆಮ್ ಹ್ಯಾವಿಂಗ್ ಕಾಫಿ' ಸರಿ, ಯಾಕೆಂದರೆ ಅಲ್ಲಿ ಕುಡಿಯುವ ಕೆಲಸ ನಡೆಯುತ್ತಿದೆ. ತಂಗಿ ವಿಷಯ ಹಾಗಲ್ಲ.

'ಐ ಆಮ್ ವರ್ಕ್ ಇನ್ ಆಫೀಸ್' ಅನ್ನುವವರೂ ಬಹಳ. 'ಆಮ್' ತೆಗೆದುಬಿಡಿ, ಅಥವಾ ವರ್ಕಿಗೆ ಐಎನ್‌ಜಿ ಹಚ್ಚಿ. ಎರಡರಲ್ಲಿ ಒಂದು.

ಪ್ರಶ್ನೆ: ನಾನು ಕ್ಯಾಬ್ ಓಡಿಸ್ತೀನಿ. ಮಾಗಡಿ ರೋಡಲ್ಲಿ ಹೋಗ್ತಿರುವಾಗ ಪ್ಯಾಸೆಂಜರ್ 'ಡಸ್ ದಿಸ್ ರೋಡ್ ಗೋ ಟು ಹೆಬ್ಬಾಳ?' ಅಂದರು. 'ನೋ ಸರ್, ದಿಸ್ ರೋಡ್ ಡೋಂಟ್ ಗೋಸ್' ಅಂದೆ. ಹಿಂದೆ ಕೂತಿದ್ದ ಹುಡುಗರು ನಕ್ಕರು. ರೋಡ್ ಅಂದರೆ ಇಟ್, ಇಟ್ ಅಂದರೆ ಗೋಸ್ ತಾನೆ?
— ಸುಂಕದಕಟ್ಟೆಯ ಓದುಗರು

ಉತ್ತರ: ನಗುವಂಥದ್ದೇನೂ ಅಲ್ಲಿಲ್ಲ ಅಣ್ಣ. ರಸ್ತೆ 'ಇಟ್', ಅದಕ್ಕೆ ಎಸ್ ಬೇಕು ಎಂಬುದು ನಿಮಗೆ ಗೊತ್ತಿದೆ, ನಕ್ಕ ಹುಡುಗರಿಗಿಂತ ನೀವೇ ಹೆಚ್ಚು ಯೋಚಿಸಿದ್ದೀರಿ. ಆದರೆ ಒಂದು ವಾಕ್ಯಕ್ಕೆ ಒಂದೇ ಎಸ್. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು, ಇಲ್ಲ ಎನ್ನಲು 'ಡು' ಮುಂದೆ ಬರುತ್ತದೆ, ಆಗ ಎಸ್ ಅದರ ಮೇಲೆ ಹೋಗಿ 'ಡಸ್' ಆಗುತ್ತದೆ. 'ಗೋ' ಬರಿಗೈಯಲ್ಲಿ ಉಳಿಯುತ್ತದೆ. 'ಡಸ್ ಇಟ್ ಗೋ?' 'ಯಸ್, ಇಟ್ ಗೋಸ್.' 'ನೋ, ಇಟ್ ಡಸಂಟ್ ಗೋ.' ನಿಮ್ಮ ಪ್ಯಾಸೆಂಜರಿಗೆ: 'ನೋ ಸರ್, ದಿಸ್ ರೋಡ್ ಡಸಂಟ್ ಗೋ ಟು ಹೆಬ್ಬಾಳ. ದ ರಿಂಗ್ ರೋಡ್ ಗೋಸ್ ಟು ಹೆಬ್ಬಾಳ.'

'ಡಸಂಟ್' ಬದಲು 'ಡೋಂಟ್' ಬಾಯಿಗೆ ಬರುವುದು ಯಾಕೆ ಗೊತ್ತೇ? ಕನ್ನಡದಲ್ಲಿ ಹೌದು ಎನ್ನುವಾಗ ಹೋಗ್ತೀನಿ, ಹೋಗ್ತಾನೆ, ಹೋಗತ್ತೆ ಎಂದು ಬಾಲ ಬದಲಾಗುತ್ತದೆ. ಇಲ್ಲ ಎನ್ನುವಾಗ ಬದಲಾಗುವುದೇ ಇಲ್ಲ. ನಾನು ಹೋಗಲ್ಲ, ಅವನು ಹೋಗಲ್ಲ, ರಸ್ತೆ ಹೋಗಲ್ಲ. ಹಾಗಾಗಿ 'ಡೋಂಟ್' ಕೂಡ ಎಲ್ಲರಿಗೂ ಒಂದೇ ಎಂದು ನಾಲಿಗೆ ನಂಬಿಕೊಂಡಿದೆ. 'ಹಿ ಡಸಂಟ್, ಷಿ ಡಸಂಟ್, ಇಟ್ ಡಸಂಟ್' ಎಂಬ ಮೂರನ್ನು ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿಕೊಳ್ಳಿ. ಬೆಂಗಳೂರಿನ ಸಿಗ್ನಲ್ಲುಗಳು ಅಷ್ಟು ಹೊತ್ತು ಖಂಡಿತ ಕೊಡುತ್ತವೆ.

ಪ್ರಶ್ನೆ: ಪ್ರೆಸೆಂಟ್ ಎಂದರೆ ವರ್ತಮಾನ ಕಾಲ. ಆದರೆ ನಿನ್ನೆ ನಡೆದ ಉದ್ಘಾಟನೆಗೆ ಇಂಗ್ಲಿಷ್ ಪೇಪರಿನವರು 'ಇನಾಗರೇಟ್ಸ್' ಎಂದು ಬರೆಯುತ್ತಾರೆ, ನಾಳಿನ ರೈಲಿಗೆ 'ಲೀವ್ಸ್ ಟುಮಾರೊ' ಎನ್ನುತ್ತಾರೆ. ನನ್ನ ಮೊಮ್ಮಗ 'ಐ ಕಮ್ ಟುಮಾರೊ' ಎಂದರೆ ತಪ್ಪಂತೆ. ಇದೇನು ನ್ಯಾಯ?
— ಮಲ್ಲೇಶ್ವರದ ಹಿರಿಯ ಓದುಗರು

ಉತ್ತರ: ಹೆಸರು ಪ್ರೆಸೆಂಟ್ ಆದರೂ ಈ ರೂಪ 'ಈಗ'ನ್ನು ಹೇಳುವುದು ಕಡಿಮೆ ಸರ್. ರೂಢಿ, ನಿಯಮ, ಯಾವಾಗಲೂ ನಿಜವಾದ ಸಂಗತಿ, ಇವೇ ಅದರ ಮುಖ್ಯ ಕೆಲಸ. 'ದ ಯೆಲ್ಲೋ ಲೈನ್ ರನ್ಸ್ ಫ್ರಮ್ ಆರ್.ವಿ. ರೋಡ್ ಟು ಬೊಮ್ಮಸಂದ್ರ' ಎಂದರೆ ಮೆಟ್ರೋ ರೈಲು ಈ ಕ್ಷಣ ಓಡುತ್ತಿರಬೇಕಿಲ್ಲ, ರಾತ್ರಿ ಡಿಪೋದಲ್ಲಿ ನಿಂತಿದ್ದರೂ ವಾಕ್ಯ ಸರಿ. ಪತ್ರಿಕೆಯ ತಲೆಬರಹದ್ದು ಬೇರೆ ಸಂಪ್ರದಾಯ. ಆ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಮರುದಿನದ ತಲೆಬರಹಕ್ಕೆ 'ಇನಾಗರೇಟ್ಸ್' ಸಲ್ಲುತ್ತದೆ, ಸುದ್ದಿ ಬಿಸಿಬಿಸಿಯಾಗಿ ಕಾಣಲೆಂದು. ಕೆಳಗಿನ ಸುದ್ದಿಯಲ್ಲಿ ಅದೇ 'ಇನಾಗರೇಟೆಡ್' ಆಗುತ್ತದೆ. ಚಿನ್ನಸ್ವಾಮಿ ಸ್ಟೇಡಿಯಂನಿಂದ ಕಾಮೆಂಟರಿ ಹೇಳುವವರೂ 'ಬೌಲ್ಸ್, ಡ್ರೈವ್ಸ್' ಎನ್ನುವುದು ಚೆಂಡಿನ ವೇಗಕ್ಕೆ ಐಎನ್‌ಜಿ ನಿಧಾನವಾಗುತ್ತದೆಂದು.

ನಾಳಿನ ರೈಲಿಗೆ ವೇಳಾಪಟ್ಟಿ ಇದೆ, ಅದಕ್ಕೆ 'ಲೀವ್ಸ್'. ಮೊಮ್ಮಗನಿಗೆ ವೇಳಾಪಟ್ಟಿ ಇಲ್ಲ, ಅವನದು ಮನಸ್ಸಿನ ನಿರ್ಧಾರ, ಅದಕ್ಕೆ 'ಐ ವಿಲ್ ಕಮ್' ಅಥವಾ 'ಐ ಆಮ್ ಕಮಿಂಗ್'. ನಾವು 'ದಿನಾ ಬರ್ತೀನಿ' ಎಂದಾಗಲೂ 'ನಾಳೆ ಬರ್ತೀನಿ' ಎಂದಾಗಲೂ ಒಂದೇ ರೂಪ ಬಳಸುವವರು, ಹುಡುಗ ಅಲ್ಲಿ ಎಡವಿದ್ದಾನೆ.

ಪ್ರಶ್ನೆ: ನಾನು ಶಾಲೆಯಲ್ಲಿ ಎಬಿಸಿಡಿ ಕಲಿತದ್ದೇ ಐದನೇ ಕ್ಲಾಸಿನಲ್ಲಿ. ಮಗಳು ಮೂರನೇ ಕ್ಲಾಸ್, ಇಂಗ್ಲಿಷ್ ಮೀಡಿಯಂ. ನಾನು ಬಾಯಿ ತೆರೆದರೆ ಸಾಕು, 'ಅಮ್ಮ, ಗೋ ಅಲ್ಲ ಗೋಸ್' ಅಂತ ತಿದ್ದುತ್ತಾಳೆ. ಅವಳ ಮುಂದೆ ಇಂಗ್ಲಿಷ್ ಮಾತಾಡೋದೇ ಬಿಟ್ಟಿದ್ದೀನಿ. ಮನೆಯಲ್ಲೇ ಕಲಿಯೋದು ಹೇಗೆ?
— ಕಾಮಾಕ್ಷಿಪಾಳ್ಯದ ಗೃಹಿಣಿ

ಉತ್ತರ: ದಯವಿಟ್ಟು ಬಿಡಬೇಡಿ ತಾಯಿ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದೇ 2007–08ರಲ್ಲಿ. ತಡವಾಗಿ ಕಲಿತದ್ದು ನಿಮ್ಮ ಕೊರತೆಯಲ್ಲ. ಮನೆಯಲ್ಲೇ ಒಬ್ಬ ಟೀಚರ್ ಇದ್ದಾಳೆ, ಅವಳು ತಿದ್ದಲಿ. ತಿದ್ದಿದಾಗ ಸುಮ್ಮನಾಗದೆ ಆ ವಾಕ್ಯವನ್ನು ಸರಿಯಾಗಿ ಇನ್ನೊಮ್ಮೆ ಹೇಳಿ. ಅಷ್ಟೇ ಅಭ್ಯಾಸ.

ಮನೆಯಲ್ಲಿ ದಿನವೂ ನಡೆಯುವುದೇ ಈ ಟೆನ್ಸಿನ ಸರಕು. 'ದ ಮಿಲ್ಕ್ ಕಮ್ಸ್ ಅಟ್ ಸಿಕ್ಸ್. ಮೈ ಹಸ್ಬೆಂಡ್ ಲೀವ್ಸ್ ಅಟ್ ಎಯ್ಟ್. ಕಾವೇರಿ ವಾಟರ್ ಕಮ್ಸ್ ಆನ್ ಆಲ್ಟರ್ನೇಟ್ ಡೇಸ್.' ಇವನ್ನು ಪ್ರಶ್ನೆ ಮಾಡಿ ಮಗಳನ್ನು ಕೇಳಿ: 'ಡಸ್ ದ ವಾಟರ್ ಕಮ್ ಟುಡೇ?' ಅವಳು 'ನೋ, ಇಟ್ ಡಸಂಟ್' ಅನ್ನಲಿ. 'ವೆನ್ ದ ವಾಟರ್ ವಿಲ್ ಕಮ್, ಐ ವಿಲ್ ವಾಷ್ ದ ಕ್ಲೋದ್ಸ್' ಎಂದರೆ ಅವಳು ತಿದ್ದಬೇಕು. 'ವೆನ್', 'ಇಫ್' ಇರುವ ಭಾಗದಲ್ಲಿ ಮುಂದಿನ ಮಾತಾದರೂ ವಿಲ್ ಬರುವುದಿಲ್ಲ: 'ವೆನ್ ದ ವಾಟರ್ ಕಮ್ಸ್, ಐ ವಿಲ್ ವಾಷ್'.

ಉಚ್ಚಾರವನ್ನೂ ಈಗಲೇ ಹಿಡಿದುಕೊಳ್ಳಿ. ಕ, ಟ, ಪ, ಫ ಸದ್ದಿನಿಂದ ಮುಗಿಯುವ ಕ್ರಿಯಾಪದಕ್ಕೆ ಮಾತ್ರ ನಿಜವಾದ 'ಸ್' ಬರುತ್ತದೆ: ಕುಕ್ಸ್, ಕಟ್ಸ್, ಸ್ಟಾಪ್ಸ್, ಲಾಫ್ಸ್. ಕಮ್, ಗೋ, ರೀಡ್, ಲಿವ್ ಇವಕ್ಕೆ ಎಸ್ ಬರೆದರೂ ಕೇಳಿಸುವುದು 'ಝ್'. ವಾಷ್, ಟೀಚ್, ಕ್ಲೋಸ್ ಇವಕ್ಕೆ ಒಂದು ಉಸಿರು ಹೆಚ್ಚು ಬೇಕು: ವಾಷಿಝ್, ಟೀಚಿಝ್, ಕ್ಲೋಝಿಝ್. 'ಸೇ'ಗೆ ಎಸ್ ಹಚ್ಚಿದರೆ 'ಸೇಸ್' ಅಲ್ಲ, 'ಸೆಝ್'. 'ಡು'ಗೆ ಹಚ್ಚಿದರೆ 'ಡೂಸ್' ಅಲ್ಲ, 'ಡಝ್'. ಇವೆರಡನ್ನು ಮಗಳಿಂದ ಓದಿಸಿ ಕೇಳಿ. ಅವಳೂ 'ಸೇಸ್' ಅಂದರೆ ನೀವು ತಿದ್ದಿ.